ಮುಂದಿನ ಚಕ್ರದ ಬ್ರೇಕು

ದಪ್ಪ ಹೊದಿಕೆಯನ್ನು ಒಬ್ಬರೇ ಹಿಂಡುವುದಕ್ಕಾಗದು. ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ಗಂಡನ ಕೈಯಲ್ಲಿ. ಇಬ್ಬರೂ ಹಿತ್ತಿಲ ಬಾಗಿಲಲ್ಲಿ ಎದುರುಬದುರು ನಿಂತು ತಿರುಚುತ್ತಿದ್ದರು. ನೀರು ಧಾರೆಯಾಗಿ ಸುರಿಯಿತು, ಧಾರೆ ಹನಿಯಾಯಿತು, ಇನ್ನೊಂದೇ ಒಂದು ಸುತ್ತು ಎನ್ನುವಾಗ ಗಂಡನ ಕಡೆಯ ತುದಿ ಜಾರಿ ಕಲ್ಲಿನ ಮೇಲೆ ಪಟ್ಟೆಂದು ಬಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ನಲ್ಲ."

"ಹಿಡ್ಕೊಂಡೇ ಇದ್ದೆ. ಸೋಪು ಹೋಗಿಲ್ಲ ಇದ್ರಲ್ಲಿ, ಜಾರುತ್ತೆ."

"ಮೂರು ನೀರಲ್ಲಿ ಜಾಲಾಡಿದೀನಿ."

"ಹಂಗಾದ್ರೆ ನಾಲ್ಕನೇ ನೀರಲ್ಲಿ ಜಾಲಾಡು."

ಅವಳು ಬಿದ್ದ ತುದಿಯನ್ನು ಎತ್ತಿ ಮಣ್ಣು ತೊಳೆದಳು. ತೊಳೆಯುತ್ತ, ಹೊದಿಕೆಗೆ ಹೇಳುವಂತೆ ಹೇಳಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಅವನಿಗೆ ಸಿಟ್ಟು ನೆತ್ತಿಗೇರಿತು. ಏರುವುದಕ್ಕೆ ದೂರವೇನೂ ಇರಲಿಲ್ಲ, ಈಚೆಗೆ ಅದು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಬೀದಿಯವರೆಲ್ಲ ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು. ಬಸ್ಸು ಓಡಿಸಿ ನಿವೃತ್ತನಾಗಿ ವರ್ಷಗಳಾಗಿದ್ದರೂ ಹೆಸರು ಉಳಿದುಕೊಂಡಿತ್ತು, ಬಸ್ಸಿನ ಬದಲಿಗೆ ಹಳೆಯ ಮೋಟಾರುಬೈಕು ಉಳಿದುಕೊಂಡಿತ್ತು. ಮಗಳು ಹುಟ್ಟಿದ ವರ್ಷ ಕೊಂಡದ್ದು. ಈಗ ಆ ಮಗಳು ಬೆಳಗಿನ ಪಾಳಿಗೆ ಕತ್ತಲಲ್ಲೇ ಹೊರಡುತ್ತಿದ್ದುದರಿಂದ, ಅವಳ ಮಗಳನ್ನು ಅದೇ ಬೈಕಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವುದು ಅವನ ಕೆಲಸ. ಶಾಲೆ ಇಳಿಜಾರಿನ ಬುಡದಲ್ಲಿತ್ತು. ಇಡೀ ದಿನದಲ್ಲಿ ಅವನನ್ನು ಕಾಯುತ್ತಿದ್ದ ಕೆಲಸ ಅದೊಂದೇ.

ಕೈಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಲಗೈಯ ತೋರುಬೆರಳಿಗೂ ನಡುಬೆರಳಿಗೂ ಡಾಕ್ಟರು ಸೂಜಿ ಚುಚ್ಚಿ ನೋಡಿದ್ದರು, ಅವನಿಗೆ ಚುಚ್ಚಿದ್ದೇ ತಿಳಿದಿರಲಿಲ್ಲ. "ಕತ್ತಿನ ಹತ್ರ ನರ ಒತ್ತಿದ ಹಾಗಿದೆ. ದೊಡ್ಡಾಸ್ಪತ್ರೆಗೆ ಹೋಗಿ. ತಡ ಮಾಡಿದ್ರೆ ಹೋದ ಶಕ್ತಿ ವಾಪಸ್ ಬರಲ್ಲ" ಎಂದು ಚೀಟಿ ಬರೆದುಕೊಟ್ಟಿದ್ದರು. ದೊಡ್ಡಾಸ್ಪತ್ರೆ ದೂರದೂರಿನಲ್ಲಿತ್ತು. ಕಾಗದ ಬರೆದರೆ ಮಾತ್ರ ಬರಬೇಕಾದ ದಿನ ತಿಳಿಸುತ್ತಿದ್ದರು. ಹೆಂಡತಿ ಅಂದೇ ಕೂತು ಕಾಗದ ಬರೆದು, ಡಾಕ್ಟರ ಚೀಟಿಯನ್ನು ಅದರೊಳಗೆ ಮಡಿಸಿಟ್ಟು, ಲಕೋಟೆಗೆ ವಿಳಾಸವನ್ನೂ ಬರೆದಿದ್ದಳು. ಅವನ ರುಜು ಒಂದು ಬಾಕಿ ಇತ್ತು. ಅಷ್ಟಕ್ಕೇ ಅದು ಗೋಡೆ ಗಡಿಯಾರದ ಹಿಂದೆ ಸಿಕ್ಕಿಕೊಂಡು, ಬೇಸಿಗೆ ಕಳೆದು ಮಳೆ ಬಂದು ಮಳೆ ನಿಂತರೂ ಅಲ್ಲೇ ಇತ್ತು. ಕೇಳಿದರೆ, "ಕೈಗೇನಾಗಿದೆ? ಮೊದಲು ಆ ಗಾಡಿ ಬ್ರೇಕು ಸರಿ ಮಾಡಿಸ್ಬೇಕು. ಎಷ್ಟು ಒತ್ತಿದ್ರೂ ಹಿಡಿಯಲ್ಲ" ಎನ್ನುತ್ತಿದ್ದ.

ಬ್ರೇಕಿನ ಲೈನರು ಬದಲಾಯಿಸಿದ್ದಾಯಿತು, ಕೇಬಲ್ಲು ಬದಲಾಯಿಸಿದ್ದಾಯಿತು. ಆದರೂ ಹಿಡಿಯಲಿಲ್ಲ. ಕೊನೆಗೆ ಮೆಕ್ಯಾನಿಕ್ಕೇ ಒಂದು ದಾರಿ ಹೇಳಿದ. ಅವನಿಗೆ ರೇಡಿಯೊ ಎಂದು ಅಡ್ಡಹೆಸರು, ಬೆಳಿಗ್ಗೆ ಅಂಗಡಿ ತೆರೆದರೆ ಬಾಗಿಲು ಹಾಕುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ.

"ಡ್ರೈವರಣ್ಣ, ಈ ಡ್ರಮ್ ಬ್ರೇಕಿಗೆ ಇನ್ನೆಷ್ಟು ಔಷಧಿ ಮಾಡ್ತೀರಿ? ಮುದುಕಿಗೆ ಮದುವೆ ಅಲಂಕಾರ ಮಾಡಿದ ಹಾಗೆ. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕ್ಬಿಡ್ತೀನಿ. ಇದೇ ಜಾತಿಯ ಈಚಿನ ಗಾಡಿ ಒಂದು, ಹಿಂದಿನಿಂದ ಗುದ್ದಿಸ್ಕೊಂಡು ಗುಜರಿಗೆ ಬಂದಿದೆ. ಅದರ ಫೋರ್ಕು, ಚಕ್ರ, ಲಿವರ್ ಎಲ್ಲ ಎತ್ತಿ ಇದಕ್ಕೆ ಕೂರಿಸಿದ್ರೆ ಆಯ್ತು. ಆಮೇಲೆ ನೋಡಿ, ಎರಡು ಬೆರಳು ಇಟ್ರೆ ನಿಲ್ಲುತ್ತೆ."

ಎರಡು ಬೆರಳು ಎಂಬ ಮಾತು ಡ್ರೈವರಣ್ಣನ ಕಿವಿಗೆ ಜೇನಿನಂತೆ ಇಳಿಯಿತು.

ರೇಡಿಯೊ ಹೇಳಿದಂತೆಯೇ ಮಾಡಿದ. ಚಕ್ರವನ್ನು ಹಿಡಿಯುವ ಫೋರ್ಕಿನ ಕಾಲುಗಳು ನೇರವಾಗಿವೆಯೇ ಎಂದು ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿ ಕೂರಿಸಿದ. ಕೊಳವೆಯೊಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಬ್ರೇಕ್ ಆಯಿಲ್ ಒತ್ತಿ ಒತ್ತಿ ಇಳಿಸಿದ. ಬಲಗೈಯಿಂದ ಒತ್ತುವ ಹೊಸ ಬ್ರೇಕ್ ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ವಿಚ್ಚಿತ್ತು. ಹಳೆಯ ಲಿವರಿಗೆ ಅದಿರಲಿಲ್ಲ, ಕಾಲಿನ ಬ್ರೇಕು ತುಳಿದರೆ ಮಾತ್ರ ಹಿಂದಿನ ಕೆಂಪು ದೀಪ ಹತ್ತುತ್ತಿತ್ತು. ಬಂದದ್ದನ್ನು ಯಾಕೆ ಬಿಡಬೇಕೆಂದು ರೇಡಿಯೊ ಅದಕ್ಕೂ ತಂತಿ ಎಳೆದು ಜೋಡಿಸಿದ.

ಮೊದಲ ದಿನ ಡ್ರೈವರಣ್ಣ ಮನೆಯ ಮುಂದೆ ಗಾಡಿ ನಿಲ್ಲಿಸಿದ ಬಗೆಯೇ ಬೇರೆ. ಹೊಸಿಲ ಹತ್ತಿರದವರೆಗೂ ಓಡಿಸಿಕೊಂಡು ಬಂದು ಗಕ್ಕನೆ ನಿಲ್ಲಿಸಿ, ಹೆಂಡತಿಯ ಮುಖ ನೋಡಿದ.

"ಕಂಡ್ಯಾ? ಕೈ ಅಂತೆ, ನರ ಅಂತೆ. ಬ್ರೇಕು ಸರಿಯಿರ್ಲಿಲ್ಲ, ಅಷ್ಟೆ."

"ಹಂಗಾದ್ರೆ ಅಂಗಿ ಗುಂಡಿ ನೀವೇ ಹಾಕ್ಕೊಳ್ಳಿ ನಾಳೆಯಿಂದ" ಎಂದು ಅವಳು ಒಳಗೆ ಹೋದಳು.

ಒಂದು ವಾರ ಸುಖವಾಗಿ ಕಳೆಯಿತು. ಆಮೇಲೆ ಬೀದಿಯವರ ಬಾಯಿ ಶುರುವಾಯಿತು. ಮೂಲೆಯ ದರ್ಜಿ ಹೊಲಿಗೆ ನಿಲ್ಲಿಸಿ ಕೂಗಿದ. "ಡ್ರೈವರಣ್ಣ, ಮಂತ್ರಿಗಳಿಗೆ ದೀಪ ನೆತ್ತಿ ಮೇಲಿರುತ್ತೆ, ನಿಮಗೆ ಹಿಂದ್ಗಡೆ. ಹಗಲೆಲ್ಲ ಹಚ್ಕೊಂಡೇ ಓಡಾಡ್ತೀರಲ್ಲ, ಯಾವ ಖಾತೆ?" ಮಾರನೆಯ ದಿನ ಹಿಂದಿನಿಂದ ಬಂದ ಲಾರಿಯವನೊಬ್ಬ ಪಕ್ಕಕ್ಕೆ ಬಂದು, "ನಿಲ್ಲೋ ಹಾಗಿದ್ರೆ ನಿಲ್ಲಿ, ಹೋಗೋ ಹಾಗಿದ್ರೆ ಹೋಗಿ ಯಜಮಾನ್ರೇ" ಎಂದು ಬೈದುಹೋದ. ಡ್ರೈವರಣ್ಣ ಗಾಡಿ ನಿಲ್ಲಿಸಿ ಇಳಿದು ಹಿಂದೆ ಹೋಗಿ ನೋಡಿದರೆ ದೀಪ ಆರಿತ್ತು. ಹತ್ತಿ ಹೊರಟರೆ ಇನ್ನೊಬ್ಬ ಕೂಗುತ್ತಿದ್ದ. ರೇಡಿಯೊ ಮಾತಾಡುತ್ತ ಮಾತಾಡುತ್ತ ತಂತಿ ತಪ್ಪು ಜೋಡಿಸಿದ್ದಾನೆ ಎಂಬುದು ಅವನಿಗೆ ಖಾತ್ರಿಯಾಯಿತು. ನಾಳೆ ಹೋಗಿ ಕೇಳುತ್ತೇನೆ, ನಾಳೆ, ಎಂದುಕೊಂಡ.

ಆ ನಾಳೆ ಇಳಿಜಾರಿನಲ್ಲೇ ಬಂತು. ದಾರಿಯುದ್ದಕ್ಕೂ ವಾಹನಗಳ ಸಂದಣಿ. ಎಲ್ಲ ದಾಟಿ ಶಾಲೆಯ ಇಳಿಜಾರಿಗೆ ತಿರುಗುವಾಗ ಮೂಗಿಗೆ ಕಮರು ವಾಸನೆ ಬಡಿಯಿತು. ಯಾರೋ ರಬ್ಬರು ಸುಡುತ್ತಿರಬೇಕು ಎಂದುಕೊಂಡ. ಕೆಳಗೆ ಮಕ್ಕಳು ಗುಂಪಾಗಿ ರಸ್ತೆ ದಾಟುತ್ತಿದ್ದರು. ಅವನು ಲಿವರ್ ಒತ್ತಿದ. ಅದು ಬೆಣ್ಣೆಯೊಳಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು, ಗಾಡಿ ನಿಲ್ಲಲಿಲ್ಲ. ಕಾಲಿನ ಬ್ರೇಕನ್ನು ತುಳಿದು, ಗೇರು ಇಳಿಸಿ, ಬಸ್ಸು ಓಡಿಸಿದ ಕಾಲದ ಬುದ್ಧಿಯೆಲ್ಲ ಒಂದೇ ಉಸಿರಿನಲ್ಲಿ ಖರ್ಚು ಮಾಡಿ, ಶಾಲೆಯ ಗೋಡೆಗೆ ಒರಗಿಸಿ ಸುರಿದಿದ್ದ ಮರಳಿನ ರಾಶಿಗೆ ಗಾಡಿ ನುಗ್ಗಿಸಿದ. ಮುಂದಿನ ಚಕ್ರ ಅರ್ಧ ಹೂತು ನಿಂತಿತು.

ಮೊಮ್ಮಗಳು ಪುಟ್ಟಿ ಅಳಲಿಲ್ಲ. ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳ ಊಟದ ಡಬ್ಬಿಯ ಮುಚ್ಚಳ ಇಳಿಜಾರಿನಲ್ಲಿ ಉರುಳುತ್ತ ಹೋಗಿ ಚರಂಡಿಗೆ ಬಿತ್ತು.

"ಅಜ್ಜ, ಇಳೀಲಾ?"

"ಇಳಿ. ಮನೇಲಿ ಹೇಳ್ಬೇಡ."

ಮಕ್ಕಳಿಗೆ ಹೇಳಬೇಡ ಎಂದರೆ ಹೇಳು ಎಂದೇ ಲೆಕ್ಕ. ಸಂಜೆ ಅಜ್ಜಿ ನಡೆದುಹೋಗಿ ಪುಟ್ಟಿಯನ್ನು ಕರೆತರುವಾಗ ಡಬ್ಬಿಯ ಮುಚ್ಚಳದಿಂದ ಶುರುವಾದ ವಿಚಾರಣೆ ಮರಳಿನ ರಾಶಿಯವರೆಗೂ ಹೋಯಿತು. ಮನೆಗೆ ಬಂದಾಗ ಡ್ರೈವರಣ್ಣ ಗಾಡಿಯನ್ನು ತಳ್ಳಿಕೊಂಡು ಹೊರಡುತ್ತಿದ್ದ. ಅವನ ಸಿಟ್ಟಿಗೆ ಇನ್ನೊಂದು ಕಾರಣವೂ ಸಿಕ್ಕಿತ್ತು. ಮಧ್ಯಾಹ್ನ ಒತ್ತಿ ನೋಡಿದರೆ ಲಿವರ್ ಮತ್ತೆ ಹೆಚ್ಚುಕಡಿಮೆ ಮೊದಲಿನಂತೆಯೇ ಗಟ್ಟಿಯಾಗಿತ್ತು. ಯಾರೋ ಬೇಕೆಂದೇ ಅಣಕಿಸುತ್ತಿರುವಂತೆ.

"ಎಲ್ಲಿಗೆ?"

"ಅವನ ರೇಡಿಯೊ ಬಂದ್ ಮಾಡಿ ಬರ್ತೀನಿ."

"ನಾನೂ ಬರ್ತೀನಿ. ಪುಟ್ಟಿ, ಚಪ್ಪಲಿ ಬಿಚ್ಚಬೇಡ."

ಅಂಗಡಿಯಲ್ಲಿ ರೇಡಿಯೊ ದೀಪ ಹಾಕುವ ಹೊತ್ತು. ಡ್ರೈವರಣ್ಣ ಗಾಡಿಯನ್ನು ನಿಲ್ಲಿಸುವ ಮೊದಲೇ ಶುರುಮಾಡಿದ.

"ಲೋ, ಮಗೂನ ಸಾಯಿಸ್ಬಿಡ್ತಿದ್ದೆಯಲ್ಲೋ. ಯಾರು ಕಲಿಸಿದ್ದು ನಿನಗೆ ಈ ಕೆಲ್ಸ? ದೀಪ ಆರಲ್ಲ, ಬ್ರೇಕು ಹಿಡಿಯಲ್ಲ. ಬಾಯಿ ಒಂದು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ."

"ಕೂತ್ಕೊಳ್ಳಿ ಡ್ರೈವರಣ್ಣ, ನೀರು ಕುಡೀರಿ. ಅಕ್ಕ, ನೀವೂ ಕೂತ್ಕೊಳ್ಳಿ. ಬೈಯೋದು ಎಲ್ಲಿಗೂ ಓಡಿಹೋಗಲ್ಲ."

ರೇಡಿಯೊ ಮೊಣಕಾಲೂರಿ ಡಿಸ್ಕನ್ನು ಬೆರಳಿನಿಂದ ಸವರಿದ. ಹೊಸದಾಗಿ ಹೊಳೆಯಬೇಕಾದ ತಟ್ಟೆಯ ಮೇಲೆ ನೀಲಿಗಪ್ಪು ಬಣ್ಣ ಸುತ್ತಿಕೊಂಡಿತ್ತು.

"ಇದು ಕಾದಿದೆ ಅಣ್ಣ. ಹೆಂಚು ಕಾದ ಹಾಗೆ ಕಾದಿದೆ. ಒಳಗಿನ ಆಯಿಲ್ ಕುದ್ದುಹೋಗಿ ಲಿವರ್ ಮೆತ್ತಗಾಗಿದೆ. ತಣ್ಣಗಾದ ಮೇಲೆ ಸರಿಹೋಗಿದೆ. ಬ್ರೇಕು ಹಿಡ್ಕೊಂಡೇ ಓಡಿದೆ ಗಾಡಿ."

"ನೀನು ಬಿಗಿಯಾಗಿ ಕೂರಿಸಿದೀಯ, ಅದಕ್ಕೇ."

ರೇಡಿಯೊ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿದ. ಅದು ಸಲೀಸಾಗಿ ಬಹಳ ಹೊತ್ತು ತಿರುಗಿತು. ಲಿವರ್ ಒತ್ತಿದ, ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತು. ಬಿಟ್ಟ, ಬೆಳಕು ಹೋಯಿತು. ಒತ್ತಿದ, ಬಿಟ್ಟ.

"ನಿನ್ನ ಮುಂದೆ ನಾಟಕ ಆಡುತ್ತೆ ಅದು. ಸರಿ ಈ ಕಡೆ" ಎಂದು ಡ್ರೈವರಣ್ಣ ಅವನನ್ನು ದಬ್ಬಿ ಗಾಡಿಯೇರಿ ಕೂತು, ದಿನವೂ ಹಿಡಿಯುವಂತೆ ಹಿಡಿ ಹಿಡಿದ. ಗೋಡೆ ಕೆಂಪಾಯಿತು. "ನೋಡು ಈಗ. ಮುಟ್ಟಿಲ್ಲ, ಏನಿಲ್ಲ. ಉರೀತಿದೆಯಲ್ಲ, ಇದಕ್ಕೇನಂತೀಯ?"

ರೇಡಿಯೊ ಏನೋ ಹೇಳಲು ಬಾಯಿ ತೆರೆದವನು ಡ್ರೈವರಣ್ಣನ ಬಲಗೈ ನೋಡಿ ಸುಮ್ಮನಾದ. ಅವನು ಸುಮ್ಮನಾದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ತೀರಾ ಮೆತ್ತಗೆ ಕೇಳಿದ. "ಅಣ್ಣ, ಲಿವರ್ ಮೇಲಿಂದ ಬೆರಳು ತೆಗೀತೀರಾ?"

"ತೆಗೆದೇ ಇದೀನಿ."

"ಇಲ್ಲ ಅಜ್ಜ" ಎಂದಳು ಪುಟ್ಟಿ. "ಎರಡು ಬೆರಳು ಅದ್ರ ಮೇಲೇ ಇದೆ."

ಅವನು ತಗ್ಗಿ ನೋಡಿದ. ತೋರುಬೆರಳು, ನಡುಬೆರಳು ಲಿವರಿನ ಮೇಲೆ ಬಾಗಿ ಮಲಗಿದ್ದವು. ಹಳೆಯ ಡ್ರಮ್ ಬ್ರೇಕಿನ ಸಡಿಲ ಕೇಬಲ್ಲಿಗೆ ಆ ಭಾರ ಯಾವ ಲೆಕ್ಕಕ್ಕೂ ಇರಲಿಲ್ಲ, ಎರಡು ಬೆರಳಿಗೇ ನಿಲ್ಲುವ ಡಿಸ್ಕಿಗೆ ಅಷ್ಟೇ ಸಾಕಾಗಿತ್ತು. ಅವನು ಕಣ್ಣಿನಿಂದ ನೋಡುತ್ತ ಅವುಗಳನ್ನು ಎತ್ತಿದ. ಗೋಡೆ ಕಪ್ಪಾಯಿತು.

"ಅಭ್ಯಾಸ. ಬಸ್ಸು ಓಡಿಸೋರಿಗೆಲ್ಲ ಇರುತ್ತೆ."

"ಬಸ್ಸಿಗೆ ಕೈ ಬ್ರೇಕು ಅಲ್ಲಿರುತ್ತಾ?" ಎಂದಳು ಹೆಂಡತಿ.

"ನೀನು ಸುಮ್ನಿರು."

"ಇನ್ನೊಂದು ಸಲ ಅಣ್ಣ. ಕೈ ನೋಡ್ಬೇಡಿ, ರಸ್ತೆ ನೋಡಿ. ಓಡಿಸೋವಾಗ ನೋಡೋ ಹಾಗೆ. ಒತ್ತಿ. ಹಾಂ. ಈಗ ಬಿಡಿ."

ಡ್ರೈವರಣ್ಣ ಎದುರಿನ ರಸ್ತೆ ನೋಡಿದ. "ಬಿಟ್ಟೆ" ಎಂದ.

ಅವನ ಬೆನ್ನ ಹಿಂದೆ ಗೋಡೆ ಕೆಂಪಾಗಿಯೇ ಇತ್ತು. ಹೆಂಡತಿಯ ಮುಖದ ಅರ್ಧ ಭಾಗದ ಮೇಲೂ ಅದೇ ಬೆಳಕು ಬಿದ್ದಿತ್ತು.

"ಬಿಟ್ಟೆ ಅಂದ್ನಲ್ಲ. ಆರ್ತೋ ಇಲ್ವೋ?"

ಅವನು ತಿರುಗಿ ಗೋಡೆ ನೋಡಿದ.

ಆಗ ಹೆಂಡತಿಯ ಬಾಯಿ ಬಿಚ್ಚಿತು. ದನಿ ಏರಲಿಲ್ಲ, ಅದೇ ಕೇಳುವುದಕ್ಕೆ ಕಷ್ಟವಾಗಿದ್ದು. "ಸೋಪನ್ನ ಬೈದ್ರಿ. ಲೈನರ್ ಬೈದ್ರಿ, ಕೇಬಲ್ ಬೈದ್ರಿ. ಅಂಗಿ ಗುಂಡಿ ಹೊಲಿದ ದರ್ಜೀನ ಬೈದ್ರಿ, ಇವತ್ತು ಇವನನ್ನ ಬೈದ್ರಿ. ಇನ್ಯಾರು ಉಳಿದಿದಾರೆ? ಮಗೂನ ಹಿಂದೆ ಕೂರಿಸ್ಕೊಂಡು ಇಳಿಜಾರಲ್ಲಿ ಇಳಿಯೋವಾಗ ಈ ಬೆರಳು ನಿಮ್ಮ ಮಾತು ಕೇಳ್ತಿತ್ತಾ? ನಿಮ್ಮ ಕೈ, ನೀವು ಸುಟ್ಕೊಳ್ಳಿ. ಮಗು ನಿಮ್ಮದಲ್ಲ, ನನ್ನ ಮಗಳದು. ಅವಳು ನಿಮ್ಮನ್ನ ನಂಬಿ ಪಾಳಿಗೆ ಹೋಗ್ತಾಳೆ."

ಡ್ರೈವರಣ್ಣ ಇಳಿದ. ಗಾಡಿಯ ಕೀಲಿಯನ್ನು ರೇಡಿಯೊನ ಮೇಜಿನ ಮೇಲೆ ಎಸೆದ. ಅದು ಮೇಜು ದಾಟಿ ಸ್ಪ್ಯಾನರುಗಳ ನಡುವೆ ಬಿತ್ತು. ಯಾರನ್ನೂ ನೋಡದೆ, ಬಂದ ದಾರಿಯಲ್ಲಿ ಒಬ್ಬನೇ ನಡೆದುಬಿಟ್ಟ. ದಾರಿಯಲ್ಲಿ ದರ್ಜಿ ಏನೋ ತಮಾಷೆ ಮಾಡಿದ್ದಕ್ಕೆ, ಆ ಬೀದಿ ಎಂದೂ ಕೇಳದಂಥ ಒಂದು ಮಾತು ಬೈದ.

ಅವರು ಮನೆಗೆ ಬಂದಾಗ ಅವನು ಮುಂಬಾಗಿಲ ಕೋಣೆಯಲ್ಲಿ ಲಕೋಟೆ ಮುಂದಿಟ್ಟುಕೊಂಡು ಕೂತಿದ್ದ. ಗಡಿಯಾರ ಗೋಡೆಯ ಮೇಲೆ ಓರೆಯಾಗಿ ತೂಗುತ್ತಿತ್ತು.

"ಪೆನ್ನೆಲ್ಲಿ? ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿರಲ್ಲ."

ಪುಟ್ಟಿ ತನ್ನ ಚೀಲದಿಂದ ಪೆನ್ನು ತೆಗೆದುಕೊಟ್ಟಳು. ಅದು ಅವನ ಬೆರಳುಗಳ ಸಂದಿಯಿಂದ ಎರಡು ಸಲ ಜಾರಿ ಬಿತ್ತು. ಎರಡು ಸಲವೂ ಅವಳೇ ಎತ್ತಿಕೊಟ್ಟಳು. ಮೂರನೆಯ ಸಲ ಅವನು ಅದನ್ನು ಮುಷ್ಟಿಯಲ್ಲಿ, ಸ್ಕ್ರೂಡ್ರೈವರು ಹಿಡಿದಂತೆ ಹಿಡಿದು, ಬೆರಳುಗಳ ಮೇಲೆ ಕಣ್ಣು ನೆಟ್ಟು ಬರೆದ. ಒಂದು ಕಾಲದಲ್ಲಿ ಬಸ್ಸಿನ ದಿನಚರಿಯಲ್ಲಿ ಗಾಳಿಪಟದ ಬಾಲದಂತೆ ಹಾರುತ್ತಿದ್ದ ರುಜು ಈಗ ಶಾಯಿಯಲ್ಲಿ ಬಿದ್ದೆದ್ದ ಇರುವೆಯ ದಾರಿಯಂತಿತ್ತು.

"ಇದನ್ನ ನೋಡಿ ನಗ್ತಾರೆ ಅಲ್ಲಿ."

"ನಗೋಕಲ್ಲ ಅವರಿರೋದು" ಎಂದಳು ಹೆಂಡತಿ. ಕಾಗದವನ್ನು ಮತ್ತೆ ಮಡಿಸಿ ಲಕೋಟೆಯೊಳಗಿಟ್ಟು ಅಂಟು ಹಚ್ಚಿದಳು. ಅವಳ ಸಿಟ್ಟು ಇಳಿದಿರಲಿಲ್ಲ. ಅಂಚನ್ನು ಒತ್ತಿದ ರಭಸಕ್ಕೆ ಮೇಜು ಅಲುಗಿತು.

ಮಾರನೆಯ ಬೆಳಿಗ್ಗೆ ಅಜ್ಜ ಮೊಮ್ಮಗಳು ಶಾಲೆಗೆ ನಡೆದೇ ಹೊರಟರು. ಡ್ರೈವರಣ್ಣ ಎಡಗೈಯಲ್ಲಿ ಪುಟ್ಟಿಯ ಕೈ ಹಿಡಿದಿದ್ದ. ದಾರಿಯುದ್ದಕ್ಕೂ ಪಕ್ಕದಲ್ಲಿ ಸರ್ರನೆ ಹೋದ ಪ್ರತಿಯೊಂದು ಬೈಕಿನವನನ್ನೂ ದುರುಗುಟ್ಟಿ ನೋಡುತ್ತಿದ್ದ. ಇಳಿಜಾರಿನ ಬುಡದಲ್ಲಿ, ಮರಳಿನ ರಾಶಿ ದಾಟಿದ ಮೇಲೆ, ಶಾಲೆಯ ಗೋಡೆಗೆ ಹೊಂದಿಕೊಂಡು ಅಂಚೆ ಡಬ್ಬಿಯಿತ್ತು. ಮರಳಿನಲ್ಲಿ ಚಕ್ರ ನುಗ್ಗಿದ ಗುಳಿ ಇನ್ನೂ ಹಾಗೇ ಇತ್ತು.

"ನಾನು ಹಾಕ್ಲಾ ಅಜ್ಜ?"

"ಬೇಡ."

ಅಂಗಿಯ ಜೇಬಿನಿಂದ ಲಕೋಟೆಯನ್ನು ಬಲಗೈಯಿಂದಲೇ ತೆಗೆದ. ಡಬ್ಬಿಯ ಬಾಯಿಯ ತಗಡು ತುಕ್ಕು ಹಿಡಿದು ಬಿಗಿದಿತ್ತು. "ಇದಕ್ಕೂ ಯಾರೂ ಎಣ್ಣೆ ಬಿಡಲ್ಲ" ಎಂದು ಗೊಣಗುತ್ತ ಎಡಗೈಯಿಂದ ಅದನ್ನು ಮೇಲೆತ್ತಿ, ಬಲಗೈಯನ್ನು ಗೆಣ್ಣಿನವರೆಗೂ ಒಳಗೆ ತೂರಿಸಿದ. ಅಲ್ಲೇ ನಿಂತ. ಶಾಲೆಯ ಗಂಟೆ ಹೊಡೆಯಿತು.

"ಬಿಟ್ಯಾ ಅಜ್ಜ?"

"ಸುಮ್ನಿರು ಒಂದ್ನಿಮಿಷ."

ಅವನು ಡಬ್ಬಿಯ ಮೈಗೆ ಕಿವಿಯಾನಿಸಿದ. ಒಳಗೆ ತಳದ ತಗಡಿನ ಮೇಲೆ ಕಾಗದ ಬಿದ್ದ ಸಣ್ಣ ಸದ್ದು ಕೇಳಿಸಿತು. ಆಮೇಲೆಯೇ ಕೈಯನ್ನು ಹೊರಗೆಳೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡ.