ಕೆಡದ ಹಳೆ ಆವೃತ್ತಿ

ಯಾರಿಗೂ ಬೇಡದ ಕೆಲಸವೊಂದನ್ನು ಸುಗಂಧಿ ತಾನಾಗಿ ಮೈಮೇಲೆ ಎಳೆದುಕೊಂಡಿದ್ದಳು. ರಕ್ತನಿಧಿಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಅದು. ಬಿಟ್ಟಿ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಮಾಡಿದವರು ಯಾವ್ಯಾವುದೋ ದೇಶಗಳಲ್ಲಿ ಕೂತು ವರ್ಷಕ್ಕೊಂದು ಹೊಸ ಆವೃತ್ತಿ ಹೊರಡಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಆ ಹೊಸದು ಓಡುವಂಥ ಕಂಪ್ಯೂಟರ್ ಬಂಗಾಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲಿತ್ತು? ಹೊಸದರಲ್ಲಿ ಸರಿಪಡಿಸಿದ ತಪ್ಪುಗಳನ್ನಷ್ಟೇ ಆರಿಸಿ, ಬೇರೇನನ್ನೂ ಮುಟ್ಟದೆ, ಹಳೆಯದಕ್ಕೆ ಹೊಂದಿಸಿ ಬಿಡುಗಡೆ ಮಾಡುವುದು ಸುಗಂಧಿಯ ಪಾಲಿಗೆ ಬಂತು. ಬ್ಯಾಂಕಿನ ಕೆಲಸ ಮುಗಿಸಿ, ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನಿಂದ ತೆಂಗಿನಕಾಯಿ ಹೊತ್ತು ಮನೆಗೆ ಬಂದು ಇದಕ್ಕೆ ಕೂರುತ್ತಿದ್ದಳು.

ಇದಕ್ಕೆಲ್ಲ ಕಾರಣ ಅತ್ತಿಗೆ. ಗಂಡನ ಅಕ್ಕ ರತ್ನಾವತಿ ಹೌರಾದ ಒಂದು ರಕ್ತನಿಧಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಕಂಪ್ಯೂಟರ್ ಕೆಮ್ಮುವ ಮುದುಕನ ಹಾಗೆ, ಸುಗಂಧಿಯ ತಿದ್ದುಪಡಿಗಳ ಬಲದಿಂದ ಓಡುತ್ತಿತ್ತು. ಹೊಸದು ಕೊಡಿ ಎಂದಾಗಲೆಲ್ಲ, ಇರುವುದು ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಎಂದು ಮೇಲಿನವರು ಬಾಯಿ ಮುಚ್ಚಿಸುತ್ತಿದ್ದರು. ಒಂದು ಕಾಲಕ್ಕೆ ಕಂಪ್ಯೂಟರೇ ಬೇಡವೆಂದು ಮೆರವಣಿಗೆ ಹೊರಟಿದ್ದ ಯೂನಿಯನ್ನಿನವರೂ ಈಗ ಹೊಸದಕ್ಕಾಗಿ ಕೂಗಿ ಗಂಟಲು ಹರಿದುಕೊಂಡರು. ಪ್ರಯೋಜನವಾಗಲಿಲ್ಲ.

ಎರಡು ಸಾವಿರದ ಎಂಟರ ಜನವರಿಯಲ್ಲಿ ಸುಗಂಧಿಗೆ ಒಂದು ತಪ್ಪು ಕಂಡಿತು. ಫೆಬ್ರವರಿ ಇಪ್ಪತ್ತೊಂಬತ್ತು ಎಂಬ ದಿನವೇ ಹಳೆಯ ಆವೃತ್ತಿಗೆ ಗೊತ್ತಿರಲಿಲ್ಲ. ಆ ತಿಂಗಳು ರಾಜಕೀಯ ಪಾರ್ಟಿ ಹುಡುಗರ ರಕ್ತದಾನ ಶಿಬಿರಗಳಲ್ಲಿ ಕೂಡುವ ರಕ್ತವೆಲ್ಲ, ಅವಧಿ ಮುಗಿದ ಮೇಲೂ ಒಂದು ದಿನ, ಬಳಸಬಹುದೆಂದೇ ಪರದೆಯಲ್ಲಿ ಕಾಣಿಸಲಿತ್ತು. ಅವಳು ತಿದ್ದುಪಡಿ ಸಿದ್ಧಮಾಡಿ ಅತ್ತಿಗೆಗೆ ಹೇಳಿದಳು.

ರತ್ನಾವತಿ ಚಹಾದ ಲೋಟ ಕೆಳಗಿಟ್ಟಳು. "ಇದೊಂದು ಕೊಡ್ಬೇಡ ಮಾರಾಯ್ತಿ. ತಾರೀಕು ನಾನು ಕೈಯಲ್ಲೇ ನೋಡಿಕೊಳ್ತೇನೆ. ಒಮ್ಮೆ ಇದು ಕೆಟ್ಟದ್ದು ಮೇಲಿನವರ ಕಣ್ಣಿಗೆ ಬೀಳ್ಲಿ, ಆಗಲಾದ್ರೂ ಹೊಸದು ಕೊಡ್ತಾರೆ."

ಸುಗಂಧಿಗೆ ಹಾಗೇ ಮಾಡುವ ಆಸೆಯಾಯಿತು, ಸುಳ್ಳೇಕೆ ಹೇಳಬೇಕು. ಅವಳಿಗೂ ಸಾಕಾಗಿ ಹೋಗಿತ್ತು. ಆದರೆ ಕೊಟ್ಟರೆ ಎಲ್ಲರಿಗೂ ಕೊಟ್ಟಂತೆ, ತಡೆದರೆ ಎಲ್ಲರಿಗೂ ತಡೆದಂತೆ. ದೂರದ ಮಾಲ್ದಾ, ಪುರುಲಿಯಾಗಳ ರಕ್ತನಿಧಿಗಳಲ್ಲಿ ಇದನ್ನೇ ನಂಬಿ ಕೂತವರಿದ್ದರು.

"ಅಲ್ಲಿ ಕೈಯಲ್ಲಿ ನೋಡುವವರು ಯಾರು, ಅತ್ತಿಗೆ?" ಎಂದಳು. ಮರುದಿನ ತಿದ್ದುಪಡಿ ಹೊರಬಿತ್ತು.

ರತ್ನಾವತಿಯ ರಕ್ತನಿಧಿಯಲ್ಲಿ ಏನೂ ಆಗಲಿಲ್ಲ. ಆಗದೆ ಉಳಿದದ್ದಕ್ಕೆ ಯಾರು ತಾನೇ ಬೆನ್ನು ತಟ್ಟುತ್ತಾರೆ? ನದಿಯಾಚೆ ಕೋಲ್ಕತ್ತದ ದೊಡ್ಡ ಆಸ್ಪತ್ರೆಯವರು ಮಾತ್ರ ಆ ತಿದ್ದುಪಡಿ ಹಾಕಿಕೊಳ್ಳಲು ಸೋಮಾರಿತನ ಮಾಡಿದ್ದರು. ಅವಧಿ ಮುಗಿದ ರಕ್ತ ವಾರ್ಡಿನವರೆಗೆ ಹೋಯಿತು. ಚೀಲದ ಮೇಲಿನ ತಾರೀಕು ರೋಗಿಯ ಮಗನ ಕಣ್ಣಿಗೆ ಬಿದ್ದು, ಘೇರಾವ್ ನಡೆದು, ಪತ್ರಿಕೆಗಳಲ್ಲೆಲ್ಲ ಬಂತು. ಒಂದೇ ತಿಂಗಳಲ್ಲಿ ಅಲ್ಲಿಗೆ ಹೊಸ ಕಂಪ್ಯೂಟರುಗಳು ಬಂದವು.

ಅವರು ಕಿತ್ತು ಹಾಕಿದ ಹಳೆಯವನ್ನು ಲಾರಿ ಹೌರಾಕ್ಕೆ ತಂದು ಇಳಿಸಿತು. ಹಳೆಯದನ್ನು ಚೆನ್ನಾಗಿ ನಡೆಸುವವರು ನೀವೇ ಎಂದು ಮೇಲಿನವರು ಹೊಗಳಿ ಕಳಿಸಿದ್ದರು.

ಆ ಸಂಜೆ ರತ್ನಾವತಿ ಬಂದವಳು ಕೂರಲಿಲ್ಲ. "ನೀನು ಒಳ್ಳೆಯವಳು ಸುಗಂಧಿ. ನಿನ್ನನ್ನು ನಂಬಿದವರ ಮನೆಗೆ ಗುಜರಿ ಬಂತು, ಅಷ್ಟೇ."

ಸುಗಂಧಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದೂ ತನ್ನ ಮೇಲೆಯೇ. ಮುಂದಿನ ತಿದ್ದುಪಡಿಯನ್ನೂ ಅವಳು ಕೊಟ್ಟೇ ಕೊಡುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಕೊಡಬೇಡ ಎಂದು ಅತ್ತಿಗೆ ಈ ಸಲ ಹೇಳಲೂ ಇಲ್ಲ.