ಸಾಸಿವೆಯಷ್ಟು ಹಸಿರು

ನೆಲದ ಮೇಲೆ ಏನೋ ಸಣ್ಣದು ಟಕ್ಕೆಂದು ಬಿದ್ದು ಉರುಳಿತು. ಪದ್ಮಾವತಿಗೆ ಇನ್ನೂ ನಿದ್ದೆ ಹತ್ತಿರಲಿಲ್ಲ. ನಡುಮನೆಯಲ್ಲಿ ಅಪ್ಪ ಮಂಚದಿಂದ ಇಳಿದು ಅಂಗೈಯಿಂದ ನೆಲ ಸವರುತ್ತಿರುವುದು ಕೇಳಿಸಿತು. ತಕ್ಷಣ ಹೋದರೆ ಅವನಿಗೆ ಸಿಟ್ಟು ಬರುತ್ತದೆ, ತಡಮಾಡಿದರೆ ಮಂಚದ ಕಾಲಿಗೆ ಹಣೆ ಬಡಿಸಿಕೊಳ್ಳುತ್ತಾನೆ. ಅವಳು ನೀರು ಕುಡಿಯಲು ಎದ್ದವಳಂತೆ ಎದ್ದು ದೀಪ ಹಾಕಿದಳು. ಕಣ್ಣಿನ ಔಷಧಿಯ ಬಿಳಿ ಮುಚ್ಚಳ ಅವನ ಕೈಯಿಂದ ಗೇಣು ದೂರದಲ್ಲಿತ್ತು. ಕಾಲಿನಿಂದ ಅದನ್ನು ಮೆಲ್ಲಗೆ ಅವನ ಬೆರಳಿನ ಕಡೆ ಸರಿಸಿದಳು.

"ಸಿಕ್ತು," ಎಂದ ದುರುಗಪ್ಪ. "ಇಲ್ಲೇ ಇತ್ತು. ನೀ ಯಾಕ ಎದ್ದಿ?"

"ನೀರಡಿಕಿ ಆಗಿತ್ತು."

ಹಟ್ಟಿಯ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಪಾಳಿ ಮಾಡಿ ನಿವೃತ್ತನಾದ ಮನುಷ್ಯ. ಕಣ್ಣಿನ ನರ ಒಣಗುತ್ತಿದೆ, ಅಂಚಿನಿಂದ ಕತ್ತಲಾಗುತ್ತ ಬರುತ್ತದೆ, ನಡುವಿನ ನೋಟ ಎಲ್ಲಕ್ಕಿಂತ ಕಡೆಗೆ ಹೋಗುತ್ತದೆ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಅವನು ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತಿದ್ದ, ಶಾಫ್ಟಿನ ತಳದಾಗ ನಿಂತು ಮ್ಯಾಲೆ ನೋಡಿದಂಗ ಆಗ್ತೈತಿ ಅಂತ. ಆ ಬೆಳಕಿನ ಬಾಯಿ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿತ್ತು.

"ನಿನ್ನ ಭಾಷಣ ಮುಗೀತೇನು?"

"ಮುಗಿದಂಗ ಆಗಿ ಮುಗಿಯವಲ್ದು."

ಲಿಂಗಸುಗೂರಿನಲ್ಲಿ ವಿಜ್ಞಾನ ಶಿಕ್ಷಕರ ಸಭೆಯಿತ್ತು. ಯುರೇನಸ್, ನೆಪ್ಚೂನ್ ಕಡೆಗೆ ಯಂತ್ರನೌಕೆ ಏಕೆ ಕಳಿಸಬೇಕು ಎಂಬುದರ ಬಗ್ಗೆ ಮಾತಾಡಲು ಅವಳನ್ನು ಕರೆದಿದ್ದರು. ಮಸ್ಕಿಯ ಕಾಲೇಜಿನಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಸಿಂಧನೂರಿಗೆ ಬಂದು, ರೊಟ್ಟಿ ಬಡಿದು, ಅಪ್ಪನ ಕಣ್ಣಿಗೆ ಔಷಧಿ ಹಾಕಿದ ಮೇಲೆ ಬರೆಯಲು ಕೂತರೆ ಪ್ರತಿ ವಾಕ್ಯವೂ ಯಾರಿಗೋ ಕ್ಷಮೆ ಕೇಳಿದಂತೆ ಕಾಣುತ್ತಿತ್ತು.

"ಅಲ್ಲಿ ಬಂಗಾರ ಐತೇನು?" ಅಪ್ಪ ಕೇಳಿದ.

"ಇಲ್ಲಪ್ಪ."

"ಮನಷ್ಯಾರು?"

"ಇಲ್ಲ. ನಾ ತೊಟ್ಟಿಲದಾಗ ಇದ್ದಾಗ ಒಂದs ಒಂದು ನೌಕೆ ಯುರೇನಸ್ ಬಾಜುಕ ಹಾದು ಹೋತು. ನಿಲ್ಲಲಿಲ್ಲ. ಹತ್ತರದಿಂದ ನೋಡಿದ್ದು ಅದೊಂದs. ಒಂದು ಮಗ್ಗಲು ಬಿಸಲಾಗಿತ್ತು, ಇನ್ನೊಂದು ಮಗ್ಗಲು ಕತ್ತಲಾಗಿತ್ತು. ಅದು ಯಾಕ ಅಡ್ಡ ಮಲಗಿಕೊಂಡು ತಿರಗ್ತೈತಿ, ಒಳಗ ಏನೈತಿ, ಅದರ ಚಂದ್ರರ ಬರಫಿನ ಕೆಳಗ ನೀರು ಐತೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ಬ್ಯಾರೆ ಸೂರ್ಯರ ಸುತ್ತ ಅಂಥಾ ಅಳತಿ ಗ್ರಹಗಳs ಭಾಳ ಸಿಕ್ಕಾವು. ನಮ್ಮ ಮನಿ ಹತ್ತಿರದ್ದನ್ನs ನೋಡಿಲ್ಲ ಅಂದ್ರ ಅವನ್ನ ಹೆಂಗ ತಿಳಕೊಳ್ಳೋದು?"

"ಹೋಗಿ ಮುಟ್ಟಾಕ ಎಷ್ಟು ದಿನ?"

"ಹತ್ತು ಹನ್ನೆರಡು ವರ್ಷ."

ಅಪ್ಪ ನಕ್ಕ. "ಕಳಿಸಿದವ್ರು ಅಷ್ಟೊತ್ತಿಗೆ ರಿಟೈರ್. ಯಂತ್ರಕ್ಕರ ಪಾಪ, ಪಾಳಿ ಮುಗಿಸಿ ಮ್ಯಾಲೆ ಬರೋದು ಇಲ್ಲೇನು?"

"ಇಲ್ಲ. ಅಲ್ಲೇ ಇರ್ತೈತಿ."

ಅವನು ಔಷಧಿಯ ಸೀಸೆಯನ್ನು ತಡವಿ ಕೈಗೆ ತೆಗೆದುಕೊಂಡ. ಆಮೇಲೆ, "ನಾ ಒಮ್ಮೆ ಕಣ್ಣೀಲೆ ನೋಡ್ತೀನಿ ಅದನ್ನ. ನೋಡಿದ ಮ್ಯಾಲೆ ಹೇಳ್ತೀನಿ ಕಳಸ್ಬೇಕೋ ಬ್ಯಾಡೋ ಅಂತ," ಎಂದ. ತಮಾಷೆಯ ದನಿಯೇ ಇತ್ತು. ಆದರೆ ಮುಚ್ಚಳವನ್ನು ಸೀಸೆಗೆ ಕೂಡಿಸಲು ಅವನ ಬೆರಳು ಮತ್ತೆ ಮತ್ತೆ ತಪ್ಪುತ್ತಿದ್ದುದನ್ನು ಅವಳು ನೋಡಿದಳು.

ಕಾಲೇಜಿನ ದೂರದರ್ಶಕವನ್ನು ಪ್ರಿನ್ಸಿಪಾಲರ ಅನುಮತಿ ಪಡೆದು, ಮಸ್ಕಿಯಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಭತ್ತದ ಕಟಾವು ನಡೆದಿತ್ತು. ಮಿಷನ್ನುಗಳು ಎಬ್ಬಿಸಿದ ಹೊಟ್ಟಿನ ಧೂಳು ಓಣಿಯ ಮೇಲೆಲ್ಲ ಕೂತಿತ್ತು. ಆ ದಿನಗಳಲ್ಲಿ ಯಾರ ಮನೆಯಲ್ಲೂ ಒಂದು ಪಾತ್ರೆ ಬಾಯಿ ತೆರೆದು ಇರುತ್ತಿರಲಿಲ್ಲ. ಕೊಡದ ಮೇಲೆ ತಾಟು, ಹಿಟ್ಟಿನ ಡಬ್ಬಿಯ ಮೇಲೆ ಬಟ್ಟೆ. ಹಾಸಿಗೆಯ ಮೇಲೂ ಹಳೆಯ ಸೀರೆ.

ಶನಿವಾರ ರಾತ್ರಿ ಊಟದ ಹೊತ್ತಿಗೆ ಗಾಳಿ ನಿಂತು ಆಕಾಶ ತಿಳಿಯಾಯಿತು. ಪದ್ಮಾವತಿ ದೂರದರ್ಶಕವನ್ನು ಮಾಳಿಗೆಯ ಮೇಲೆ ನಿಲ್ಲಿಸಿದಳು. ಸುದ್ದಿ ಓಣಿಗೆ ಹೇಗೋ ಮುಟ್ಟಿತ್ತು. ಎದುರು ಮನೆಯ ಯಮನೂರಮ್ಮ ಸೆರಗು ಹೊದ್ದು ಮಾಳಿಗೆ ಹತ್ತಿದಳು. ಅಪ್ಪನ ಗೆಳೆಯ, ದರ್ಜಿ ಇಸ್ಮಾಯಿಲ್‌ಸಾಬ್ ಅಂಗಡಿ ಮುಚ್ಚಿ ಬಂದ. ಅವರ ಹಿಂದೆ ಇನ್ನೂ ನಾಲ್ಕಾರು ಜನ.

"ಅಪ್ಪಾ, ಮೊದಲು ನೀ ಬಾ," ಎಂದು ಪದ್ಮಾವತಿ ಮೆಟ್ಟಿಲಿನಿಂದ ಕೂಗಿದಳು.

"ಏ, ಮನಿಗೆ ಬಂದೋರು ಮೊದಲು ನೋಡ್ಲಿ ಬೇ. ಮನ್ಯಾಗಿನೋರು ಕಡಿಗೆ," ಎಂದ ಅಪ್ಪ ಕೆಳಗಿನ ಕಟ್ಟೆಯಿಂದ. ಊಟಕ್ಕೆ ಕೂರಿಸುವಾಗ ಹೇಳುವಂತೆ ಹೇಳಿದ.

ಕೃತ್ತಿಕೆಯ ಗುಂಪಿನಿಂದ ಕೆಳಗೆ ಇಳಿದು ಅವಳು ಗ್ರಹವನ್ನು ಹುಡುಕಿ ಕೊಟ್ಟಳು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಯಮನೂರಮ್ಮ ನೋಡಿ ಕೈ ಮುಗಿದಳು. ಇಸ್ಮಾಯಿಲ್‌ಸಾಬ್ ಮಾತ್ರ, "ಇಷ್ಟs ಏನವಾ? ಸಾಸಿವಿ ಕಾಳು! ಬಟನ್ ಹೊಲಿಯೋ ಸೂಜಿ ಕಣ್ಣೂ ಇದಕ್ಕಿಂತ ದೊಡ್ಡದು," ಎಂದ.

ಎಲ್ಲರದೂ ಆಯಿತು. ಗ್ರಹ ಜರುಗುತ್ತ ಬಂದು ಅಪ್ಪನ ಹೊತ್ತಿಗೆ ಸರಿಯಾಗಿ ನಡುವೆ ನಿಲ್ಲುವಂತೆ ದೂರದರ್ಶಕದ ಕೊಳವೆಯನ್ನು ತುಸು ಮುಂದಕ್ಕೆ ಹೊರಳಿಸಿಟ್ಟು ಪದ್ಮಾವತಿ ಕೆಳಗೆ ಹೋದಳು. ಅಪ್ಪನ ತೋಳು ಹಿಡಿಯದೆ, ಹಿಡಿಯುವಷ್ಟು ಹತ್ತಿರದಲ್ಲಿ ಒಂದು ಮೆಟ್ಟಿಲು ಹಿಂದೆ ಬಂದಳು. ಅವನ ಮುಖವನ್ನು ಕಣ್ಣಿಟ್ಟು ನೋಡುವ ಕಿರುಗಾಜಿಗೆ ಕೂಡಿಸಿ ಪಕ್ಕಕ್ಕೆ ಸರಿದಳು.

ಅವನು ಬಹಳ ಹೊತ್ತು ನೋಡಿದ.

"ಕಂಡ್ತೇನೋ?" ಇಸ್ಮಾಯಿಲ್‌ಸಾಬ್ ತಡೆಯಲಾರದೆ ಕೇಳಿದ.

"ಹೂಂ." ಅಪ್ಪ ತಲೆ ಎತ್ತದೆಯೇ ಹೇಳಿದ. "ಕಂಡ್ತು. ಹಸರು. ಭಾರಿ ಐತಿ. ಲಿಂಬಿಹಣ್ಣಿನಷ್ಟು ಐತಿ."

"ಲಿಂಬಿಹಣ್ಣು? ನನಗ ಸಾಸಿವಿ ಕಾಳು ಕಂಡೈತಲ್ಲೋ!"

"ದಿನಾ ಸೂಜಿಗೆ ದಾರ ಪೋಣಿಸಿ ಪೋಣಿಸಿ ನಿನ್ನ ಕಣ್ಣು ಹೋಗ್ಯಾವು. ನಡಿ ಕೆಳಗ, ಚಾ ಕುಡಿಯಾಣ."

ಎಲ್ಲರೂ ನಕ್ಕು ಇಳಿದರು. ಪದ್ಮಾವತಿ ನಗಲಿಲ್ಲ. ಬಗ್ಗಿ ಕಿರುಗಾಜಿನಲ್ಲಿ ಕಣ್ಣಿಟ್ಟಳು. ಕತ್ತಲೆ. ಗ್ರಹ ಆಚೆ ಸರಿದಿದ್ದರೂ ಅಕ್ಕಪಕ್ಕದ ಚುಕ್ಕೆಗಳು ಇರಬೇಕಿತ್ತು. ಒಂದೂ ಇರಲಿಲ್ಲ. ಕೊಳವೆಯ ತುದಿಯವರೆಗೆ ಕೈಯಾಡಿಸಿದಳು. ಕರಿಯ ಮುಚ್ಚಳ ಕೈಗೆ ತಾಗಿತು, ಯಾರೋ ಗಟ್ಟಿಯಾಗಿ ಒತ್ತಿ ಕೂಡಿಸಿದ್ದರು. ಅದನ್ನು ಕಿತ್ತು ತೆಗೆದಳು.

ಅಷ್ಟರಲ್ಲಿ ಮರೆತ ಚಪ್ಪಲಿಗೆಂದು ಯಮನೂರಮ್ಮ ತಿರುಗಿ ಬಂದಳು. "ನೀ ಅಪ್ಪನ್ನ ಕರಿಯಾಕ ಹೋದಾಗ ನಾನs ಮುಚ್ಚಿ ಇಟ್ಟಿದ್ದೆ ನೋಡವಾ. ಈ ಹೊಟ್ಟಿನ ಧೂಳು ಗಾಜಿನ ಮ್ಯಾಲೆ ಕುಂತ್ರ ಕಾಲೇಜಿನೋರು ನಿನ್ನ ಬಿಡ್ತಾರೇನು? ತಗದು ತೋರಿಸಿದಿ ಹೌದಲ್ಲೋ?"

ಪದ್ಮಾವತಿ ಮುಚ್ಚಳವನ್ನು ಸೆರಗಿನ ಮರೆಗೆ ಸರಿಸಿದಳು. "ಹೌದವ್ವಾ. ತಗದೆ. ಚೊಲೋ ಮಾಡಿದಿ."

ಯಮನೂರಮ್ಮ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಕೆಳಗೆ ಅಪ್ಪನ ದನಿ ಕೇಳುತ್ತಿತ್ತು, ಲಿಂಬಿಹಣ್ಣಿನ ಮಾತೇ. ದನಿ ಎಂದಿಗಿಂತ ಒಂದು ಪಟ್ಟು ಜೋರಾಗಿತ್ತು. ತನ್ನ ಕಣ್ಣು ಪೂರ್ತಿ ಮುಗಿಯಿತೆಂದು ತಿಳಿದುಕೊಂಡು ಕೂತಿದ್ದಾನೆ ಎಂದು ಅವಳಿಗೆ ಹೊಳೆಯಿತು. ಮುಚ್ಚಳದ ವಿಷಯ ಹೇಳಿದರೆ ಆ ಹೆದರಿಕೆ ಹೋಗುತ್ತದೆ. ಆದರೆ ಲಿಂಬಿಹಣ್ಣಿನ ಸುಳ್ಳು ಅಲ್ಲಿ, ಎಲ್ಲರ ನಡುವೆ, ಅವನ ತಲೆಯ ಮೇಲೇ ಬೀಳುತ್ತದೆ.

ಅವಳು ಗ್ರಹವನ್ನು ಮತ್ತೆ ಹುಡುಕಿದಳು. ಎರಡು ಸಲ ತಪ್ಪಿತು. ಸಿಕ್ಕಿದ ಮೇಲೆ ಇಸ್ಮಾಯಿಲ್‌ಸಾಬ್ ಹೋಗುವುದನ್ನೇ ಕಾಯುತ್ತ, ಅದು ಜರುಗಿದಂತೆಲ್ಲ ಕೊಳವೆಯನ್ನು ಜರುಗಿಸುತ್ತ ನಿಂತಳು. ಬಾಗಿಲು ಹಾಕಿದ ಸದ್ದಾದ ಮೇಲೆ ಕೂಗಿದಳು.

"ಅಪ್ಪಾ, ಇನ್ನೊಮ್ಮೆ ಬಾ."

"ಆಗs ಕಂಡೈತಲ್ಲವ್ವಾ. ಮೆಟ್ಟಿಲ ಸಾಕು. ದಣದೀನಿ."

"ಈಗ ಮ್ಯಾಲೆ ಏರೈತಿ. ಧೂಳು ಕಡಿಮಿ ಆಗೈತಿ. ನನ್ನ ಸಲುವಾಗಿ ಬಾ."

ಅವನು ಬಂದ, ಗೋಡೆ ಹಿಡಿದು ನಿಧಾನಕ್ಕೆ. ನೋಡಲು ಮನಸ್ಸಿಲ್ಲದವನಂತೆ ಬಗ್ಗಿದ. ಅಕ್ಕಿ ಮಿಲ್ಲಿನ ಕಡೆ ಒಂದು ಲಾರಿ ಗೇರು ಬದಲಿಸಿ ದೂರವಾಯಿತು. ಅಪ್ಪನ ಕೈ ಗಾಳಿಯಲ್ಲಿ ತಡಕಾಡಿ ಅವಳ ಮುಂಗೈ ಹಿಡಿಯಿತು. ಹಿಡಿತ ಬಿಗಿಯಾಯಿತು.

"ಪದ್ದವ್ವಾ."

"ಹೇಳಪ್ಪ."

"ಸಣ್ಣದಾಗೈತಿ."

"ಹೂಂ. ಮ್ಯಾಲೆ ಏರಿದಂಗ ಸಣ್ಣದಾಗಿ ಕಾಣ್ತೈತಿ."

ಹಾಗೇನೂ ಆಗುವುದಿಲ್ಲ. ಅವಳು ಇಪ್ಪತ್ತು ವರ್ಷದ ಭೌತಶಾಸ್ತ್ರವನ್ನು ಒಂದು ವಾಕ್ಯದಲ್ಲಿ ಬಿಟ್ಟುಕೊಟ್ಟಳು.

ಅಪ್ಪ ಕಣ್ಣು ತೆಗೆಯಲಿಲ್ಲ. "ಒಂದು ಹಸರು ಚುಕ್ಕಿ. ಅಷ್ಟs. ಅಡ್ಡ ಮಲಗೈತೋ, ನೆಟ್ಟಗ ನಿಂತೈತೋ, ಒಳಗ ಏನೈತೋ, ಇಲ್ಲಿಂದ ಏನೂ ತಿಳಿಯಂಗಿಲ್ಲ." ಸ್ವಲ್ಪ ತಡೆದು ಹೇಳಿದ, "ಇಲ್ಲೇ ಕುಂತವ್ರು ಲಿಂಬಿಹಣ್ಣು ಅಂತಾರ, ಸಾಸಿವಿ ಅಂತಾರ. ಯಾರ ಮಾತು ಖರೆ? ಹೋಗೇ ನೋಡ್ಬೇಕವ್ವಾ. ಕಳಸ್ಲಿ."

"ವಾಪಸ್ ಬರದಿದ್ರೂ?"

"ಬರದಿದ್ರೂ. ಕಂಡಿದ್ದು ಹೇಳಿದ್ರ ಸಾಕು."

ಅವನನ್ನು ಕೆಳಗೆ ಬಿಟ್ಟು, ಔಷಧಿ ಹಾಕಿ, ಸೀಸೆಯ ಮುಚ್ಚಳವನ್ನು ಅವನೇ ಕೂಡಿಸುವವರೆಗೆ ಪಕ್ಕದಲ್ಲಿ ನಿಂತಿದ್ದು ಅವಳು ಮಾಳಿಗೆಗೆ ಬಂದಳು. ಲಿಂಗಸುಗೂರಿನಲ್ಲಿ ಏನು ಹೇಳಬೇಕೆಂದು ಈಗ ಗೊತ್ತಿತ್ತು. ಆದರೆ ಅದನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ಅಲ್ಲಿಯೂ ಹೇಳುವುದಿಲ್ಲ, ಎಲ್ಲಿಯೂ ಇಲ್ಲ ಎಂದುಕೊಂಡಳು. ಹಸಿರು ಚುಕ್ಕೆಯನ್ನು ಮತ್ತೆ ಹುಡುಕಿ ಕಿರುಗಾಜಿಗೆ ತಂದಳು, ಅದು ಮೆಲ್ಲಗೆ ಅಂಚಿಗೆ ಜರುಗಿತು. ಈ ಸಲ ಕೊಳವೆಯನ್ನು ಸರಿಸಲಿಲ್ಲ. ಅದು ತಾನಾಗಿ ಜಾರಿ ಹೋಗುವವರೆಗೆ ನೋಡಿ, ಕರಿಯ ಮುಚ್ಚಳದ ಮೇಲಿನ ಹೊಟ್ಟನ್ನು ಸೆರಗಿನಿಂದ ಒರೆಸಿದಳು.