ತಾವರೆಯ ಮೇಲಿನ ಶಿಲುಬೆ

ನಾನು ಒಂದು ಕರಿಗಲ್ಲು. ಹುಟ್ಟಿದ್ದು ಹೊಳೆಯಾಚೆಯ ಗುಡ್ಡದಲ್ಲಿ, ರೂಪ ಪಡೆದದ್ದು ಕಲ್ಕುಟಿಗ ನೇಮಣನ ಉಳಿಯಿಂದ. ಕಲ್ಲಿಗೇನು ತಿಳಿಯುತ್ತದೆ ಎಂದು ಮೂಗು ಮುರಿಯಬೇಡಿ. ನಿಮಗೆ ಅರವತ್ತಕ್ಕೇ ಅರಳುಮರಳು. ನನಗೆ ಸಾವಿರ ವರ್ಷದ ಹಿಂದಿನ ಮಾತೂ ನೆನಪಿದೆ.

ಹಡಗಿನಿಂದಿಳಿದ ಪರದೇಶದ ವ್ಯಾಪಾರಿಯೊಬ್ಬ ಎರಡು ಕಡ್ಡಿಗಳನ್ನು ಅಡ್ಡಲಾಗಿ ಹಿಡಿದು, ಇಂಥದ್ದು ಕೆತ್ತಿಕೊಡು ಎಂದು ಸನ್ನೆ ಮಾಡಿದ. ನೇಮಣ ಶಿಲುಬೆಯನ್ನು ಕಂಡವನೇ ಅಲ್ಲ. ಕೆತ್ತಿ ಮುಗಿಸಿದವನು ಕೆಳಗೊಂದು ತಾವರೆಯನ್ನೂ ಅರಳಿಸಿದ. "ದೇವರನ್ನು ಬರೀ ನೆಲದಲ್ಲಿ ನಿಲ್ಲಿಸ್ಲಿಕ್ಕುಂಟಾ? ಪೀಠ ಬೇಡವಾ?" ಎಂದ. ವ್ಯಾಪಾರಿಗೆ ಮಾತು ತಿಳಿಯಲಿಲ್ಲ, ಹೂವು ತಿಳಿಯಿತು. ತಾವರೆಯ ಬುಡದಲ್ಲಿ ತನ್ನ ಲಿಪಿಯ ಒಂದು ಸಾಲು ಕೆತ್ತಿಸಿ, ಮಂಡಿಯೂರಿ, ಕಡಲ ಕಡೆ ನೋಡುತ್ತ ಅತ್ತ. ಆ ಅಳು ನೆನೆದರೆ ನಾನು ಈಗಲೂ ಒಳಗೊಳಗೇ ನಡುಗುತ್ತೇನೆ.

ಬಂದರಿನಲ್ಲಿ ಹೂಳು ತುಂಬಿತು. ನಾನೂ ಮರಳಿನಡಿ ಮಲಗಿದೆ. ಎಷ್ಟೋ ತಲೆಮಾರುಗಳ ಮೇಲೆ ಚರ್ಚಿನ ಪಾಯ ಅಗೆಯುವವರು ನನ್ನನ್ನು ಎಬ್ಬಿಸಿದರು. ಯೇಸುವಿನ ಶಿಷ್ಯ ಸಂತ ತೋಮಸರೇ ನಿಲ್ಲಿಸಿದ ಕಲ್ಲು ಎಂದು ಊರೆಲ್ಲ ಸುದ್ದಿ. ಭಕ್ತಿ ಉಕ್ಕಿ ಹಬ್ಬಹಬ್ಬಕ್ಕೂ ಸುಣ್ಣ ಬಳಿದರು. ಬಳಿದ ಸುಣ್ಣದಲ್ಲಿ ನನ್ನ ಅಕ್ಷರಗಳೇ ಮುಚ್ಚಿಹೋದವು!

ದಿನವೂ ನನ್ನ ಬಳಿ ಬರುವವಳು ಕಾರ್ಮಿನ್ ಬಾಯಿ. ಗಂಡ ಲಾದ್ರು ದೋಣಿ ಹತ್ತಿ ಮೀನಿಗೆ ಹೋದವನು ಮರಳಲಿಲ್ಲ. ದೇಹವೂ ಸಿಗಲಿಲ್ಲ, ಸಮಾಧಿಯೂ ಇಲ್ಲ. ಅವಳಿಗೆ ಇರುವುದು ನಾನೊಬ್ಬನೇ.

ಪುರಾತತ್ತ್ವ ಇಲಾಖೆಯ ಶಾಂಭವಿ ಮೇಡಂ ನನ್ನ ಕಾಲ ಪತ್ತೆ ಮಾಡಲು ಬ್ರಷ್ಷು ಹಿಡಿದು ಬಂದ ದಿನ ಕಾರ್ಮಿನ್ ಬಾಯಿ ಹೆದರಿದ್ದಳು.

"ಮೇಡಂ, ತೋಮಸರು ಸತ್ತೆದ್ದ ಯೇಸುವಿನ ಗಾಯ ಮುಟ್ಟಿ ನೋಡಿದವರು. ಅವರೇ ಇದನ್ನು ನಿಲ್ಲಿಸಿದ್ದು ಅಲ್ವಾ? ಅದು ಸುಳ್ಳಾದ್ರೆ, ನಮ್ಮವರು ಪುನಃ ಸಿಗ್ತಾರೆ ಅಂತ ನಾನು ಯಾರನ್ನು ನಂಬುದು?"

ಶಾಂಭವಿ ಬ್ರಷ್ಷು ಕೆಳಗಿಟ್ಟಳು. "ಸುಳ್ಳು ಹೇಳುದಿಲ್ಲ ಅಮ್ಮ. ಕಲ್ಲು ಅವರ ಕಾಲದ್ದಲ್ಲ, ಎಷ್ಟೋ ಈಚಿನದು. ಸತ್ತವರು ಏಳ್ತಾರಾ ಅಂತ ಕಲ್ಲು ನೋಡಿ ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಬಾಯಿಯ ಮುಖ ಸಪ್ಪಗಾಯಿತು. ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ದನಿ ಇದ್ದಿದ್ದರೆ ಕೂಗಿ ಕರೆಯುತ್ತಿದ್ದೆ. ಅಷ್ಟರಲ್ಲಿ ಸುಣ್ಣ ಪದರುಪದರಾಗಿ ಕಳಚಿ, ತಾವರೆಯ ಬುಡದ ಸಾಲು ಕಣ್ಣು ಬಿಟ್ಟಿತು. ಶಾಂಭವಿ ಅದರ ಅಚ್ಚು ತೆಗೆದು ಆ ಲಿಪಿ ಬಲ್ಲವರಿಗೆ ಕಳಿಸಿದಳು. ಉತ್ತರ ಬಂದೊಡನೆ ತಾನೇ ಹೋಗಿ ಕಾರ್ಮಿನ್ ಬಾಯಿಯನ್ನು ಕರೆತಂದು ಓದಿದಳು:

"ಸ್ವಾಮೀ, ಕಡಲು ನುಂಗಿದ ನನ್ನವಳನ್ನು ನನಗೆ ಮತ್ತೆ ತೋರಿಸು."

ಬಾಯಿಯ ಬೆರಳು ನನ್ನ ಅಕ್ಷರಗಳ ಮೇಲೆ ಮೆಲ್ಲಗೆ ಸರಿಯಿತು. ನೇಮಣನ ಉಳಿಯ ನಂತರ ಆ ಸಾಲನ್ನು ಅಷ್ಟು ಗಮನವಿಟ್ಟು ಮುಟ್ಟಿದವರಿಲ್ಲ.

ನಾನೀಗ ಮುದಿಗಲ್ಲು, ಚರ್ಚಿನ ಮೂಲೆಯಲ್ಲಿದ್ದೇನೆ. ಯಾವುದಕ್ಕೆ ನಾನು ಸಾಕ್ಷಿ ಎಂದು ಬಲ್ಲವರು ವಾದಿಸುತ್ತಲೇ ಇದ್ದಾರೆ. ನನಗೂ ತಿಳಿಯದು. ಕಾರ್ಮಿನ್ ಬಾಯಿ ಮಾತ್ರ ಮತ್ತೆ ದಿನವೂ ಬರುತ್ತಾಳೆ. ಮಂಡಿಯೂರಿ ಹೇಳುತ್ತಾಳೆ:

"ಮೊದಲು ಕೇಳಿದ್ದು ಅವನು, ಸ್ವಾಮೀ. ಅವನ ಹೆಂಡತಿಯನ್ನು ಮೊದಲು ತೋರಿಸು. ನಾನು ಕಾಯ್ತೇನೆ."